ಎಡಗಡೆಯ ಬ್ರೇಕ್

ಪುಟ್ಟೇನಹಳ್ಳಿ, ಯಲಹಂಕ
11 ಮಾರ್ಚ್ 2018, ಭಾನುವಾರ ಮಧ್ಯಾಹ್ನ

ಶಿವರಾಮ್ ಅವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕು ಎಂದು ಗೊತ್ತಾಗದೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಎದುರಿಗಿದ್ದಾಗ ‘ರೀ’ ಸಾಕಾಗುತ್ತಿತ್ತು. ಕಾಗದದ ಮೇಲೆ ಅದನ್ನು ಬರೆದೆ. ಪಕ್ಕದ ಕೋಣೆಯಲ್ಲಿರುವವರನ್ನು ಕರೆದ ಹಾಗೆ ಕಂಡಿತು. ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ.

ಈ ಪತ್ರವನ್ನು ದುಬೈಯಲ್ಲಿ ನಿಮ್ಮ ಜೊತೆಗಿರುವ ಗೆಳೆಯ ಬಾಲರಾಜ್ ಕೈಯಲ್ಲಿ ಕೊಡುತ್ತೇನೆ. ತಂಗಿಯ ಮಗುವಿನ ನಾಮಕರಣಕ್ಕೆಂದು ಶೆಟ್ಟಿಹಳ್ಳಿಗೆ ಬಂದವನು ಬುಧವಾರ ದುಬೈಗೆ ವಾಪಸ್ ಹೊರಡುತ್ತಾನೆ. ನಿಮ್ಮ ನಂಬರ್ ಬದಲಾಗಿದೆ ಎಂದು ಅವನೇ ಹೇಳಿದ. ಹೊಸದನ್ನು ನಾನು ಕೇಳಲಿಲ್ಲ, ಅವನೂ ಕೊಡಲಿಲ್ಲ. ಫೋನಿನಲ್ಲಿ ಹೇಳುವ ವಿಷಯವೂ ಇದಲ್ಲ.

ಹದಿನೈದು ದಿನದ ಹಿಂದೆ ಮನೆಗೆ ಬಂದಿದ್ದ. ಒಂದು ಡಬ್ಬಿ ಖರ್ಜೂರ ತಂದಿದ್ದ. ಮೇಲಿನ ಹಾಲಿಗೆ ಬಂದು, ನೀವು ಪ್ಯಾರಾಚೂಟ್ ಹರಡುತ್ತಿದ್ದ ಉದ್ದದ ಚಾಪೆ ಈಗಲೂ ಗೋಡೆಗೆ ಒರಗಿರುವುದನ್ನು ನೋಡಿದ. ಆಮೇಲೆ ತಡೆಯಲಾಗದೆ ಹೇಳಿದ.

“ಅತ್ತಿಗೆ, ಅಣ್ಣ ವಿಂಗ್‌ಸೂಟ್ ಶುರು ಮಾಡ್ತಾವ್ರೆ. ಊರಿಗೆ ಓಗೋ ಒಬ್ಬ ಫ್ರೆಂಚಿನವನತ್ರ ಹಳೇ ಸೂಟ್ ತಗೊಂಡವ್ರೆ. ದೊಡ್ಡದು. ಅದನ್ನ ಆಕ್ಕೊಳಕ್ಕೆ ನಾನೇ ಎದರ್ಕೋತೀನಿ. ಕಲಿಸೋರ್ ಅವ್ರೆ, ಕ್ಲಾಸ್‌ಗೆ ಕೂರಲ್ಲ. ಆರೋ ಮುಂಚೆ ಒಬ್ರ ಗೇರ್ ಇನ್ನೊಬ್ರು ನೋಡ್ತೀವಲ್ಲ, ಅದಕ್ಕೂ ನಿಲ್ಲಲ್ವಂತೆ. ಮುಟ್ಟಬೇಡ್ರೋ ಅಂತಾರೆ.”

ಯಾವಾಗ ಎಂದು ಕೇಳಿದೆ. ಮಾರ್ಚ್ ಇಪ್ಪತ್ತಮೂರು, ಶುಕ್ರವಾರ ಅಂದ.

ಹೊರಟವನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದ. ಒಂದು ದಿನ ನೀವು ಅವನ ಹತ್ತಿರ ಹೀಗೆ ಹೇಳಿದಿರಂತೆ: “ಆವತ್ತು ನಾನೇ ನೋಡ್ಬೇಕಿತ್ತು ಕಣೋ. ಪ್ಲೇನ್ ಹತ್ತೋ ಮುಂಚೆ ಒಂದ್ಸಲ ನೋಡಿದ್ರೆ ಸಿಕ್ತಿತ್ತು. ಆ ಹುಡುಗನ ಕಾಲು ತೆಗೆದಿದ್ದು ನಾನೇ.”

ಈ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನೀವು ನನಗಾಗಿ ಹೇಳಿದ ಸುಳ್ಳನ್ನು ನೀವೇ ನಂಬಿಬಿಟ್ಟಿದ್ದೀರಿ. ಆ ನಂಬಿಕೆ ಹೊತ್ತುಕೊಂಡು ಹದಿಮೂರು ಸಾವಿರ ಅಡಿಯಿಂದ ಜಿಗಿಯಲು ಹೊರಟಿದ್ದೀರಿ.

ಮೊದಲು ಸೂಟಿನ ವಿಷಯ ಬರೆದುಬಿಡುತ್ತೇನೆ. ಉಳಿದದ್ದನ್ನು ಓದದೆ ಪತ್ರ ಮಡಿಸಿಟ್ಟರೂ ಇಷ್ಟಾದರೂ ನಿಮ್ಮ ಕಣ್ಣಿಗೆ ಬೀಳಲಿ.

ನಾನು ಹಾರಿದವಳಲ್ಲ, ಹೊಲಿದವಳು. ಆದರೂ ಎರಡು ಸಾವಿರದ ಹದಿಮೂರರ ಕ್ಯಾಂಪಿಗೆ ಬಂದಿದ್ದ ಆ ಜರ್ಮನಿಯವಳ ಸೂಟ್ ಹರಿದಾಗ ಎರಡು ದಿನ ಮಡಿಲಲ್ಲಿಟ್ಟುಕೊಂಡು ಕೂತವಳು ನಾನೇ ಅಲ್ಲವೇ? ಕೈ ಮತ್ತು ಪಕ್ಕೆಯ ನಡುವೆ ಒಂದು ರೆಕ್ಕೆ, ಎರಡು ಕಾಲಿನ ನಡುವೆ ಒಂದು. ಗಾಳಿ ತುಂಬಿದರೆ ಬಿಗಿಯಾಗುತ್ತದೆ. ಈ ಹತ್ತು ದಿನದಲ್ಲಿ ಬಾಲರಾಜ್ ಕಳಿಸಿದ ಕೈಪಿಡಿಯನ್ನು ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದೆ.

ಆ ದೊಡ್ಡ ಸೂಟ್ ಬೇಡ. ಸಾವಿರದ ನಾನೂರು ಸಲ ಹಾರಿದ್ದೀರಿ, ಗೊತ್ತು. ಆದರೆ ಆ ಎಣಿಕೆ ಮೂರು ವರ್ಷದ ಹಿಂದೆ ನಿಂತಿದೆ. ಮೊದಲು ಏನೂ ತೊಡದೆ, ಬರೀ ಪ್ಯಾರಾಚೂಟಿನಲ್ಲಿ ಹತ್ತು ಸಲ ಹಾರಿ, ಕೈ ಪಳಗಲಿ. ಆಮೇಲೆ ಕಲಿಯುವವರ ಸಣ್ಣ ಸೂಟ್ ಕೇಳಿ ತೊಡಿ, ಕ್ಲಾಸಿನಲ್ಲಿ ಕೂರಿ. ನಿಮಗಿಂತ ಚಿಕ್ಕವರು ಕಲಿಸಿದರೂ ಕೂರಿ.

ಎಲ್ಲಕ್ಕಿಂತ ಮುಖ್ಯವಾದದ್ದು ತೊಡೆಯ ಪಟ್ಟಿ. ವಿಂಗ್‌ಸೂಟ್ ಜಿಪ್ ಎಳೆದ ಮೇಲೆ ಅದು ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ. ಹಾಕಿದ್ದೀರೋ ಇಲ್ಲವೋ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮರೆತು ಹಾರಿದವರಿದ್ದಾರೆ, ಪ್ಯಾರಾಚೂಟ್ ತೆರೆದಾಗ ಅದರಿಂದ ಜಾರಿ ಬಿದ್ದವರಿದ್ದಾರೆ. ಜಿಪ್ ಎಳೆಯುವ ಮುಂಚೆ ಬಾಲರಾಜ್‌ಗೆ ತೋರಿಸಿ. ಮುಟ್ಟಬೇಡ ಅನ್ನಬೇಡಿ. ವಿಮಾನದೊಳಗೆ ಬಟ್ಟೆಯ ಮೇಲಿಂದಲೇ ಇನ್ನೊಮ್ಮೆ ಅದುಮಿ ನೋಡಿಕೊಳ್ಳಿ.

ನಿಮ್ಮ ಆ ಸಣ್ಣ, ಚುರುಕಿನ ಪ್ಯಾರಾಚೂಟ್ ಇದಕ್ಕೆ ಆಗುವುದಿಲ್ಲ. ದೊಡ್ಡದು, ಸಮಾಧಾನದ್ದು ಬೇಕು. ಸೂಟ್ ತೊಟ್ಟವನ ಬೆನ್ನ ಹಿಂದೆ ಗಾಳಿ ಸತ್ತಿರುತ್ತದಂತೆ. ಪ್ಯಾರಾಚೂಟನ್ನು ಎಳೆದು ಹೊರಗೆ ತರುವ ಪುಟ್ಟ ಕೊಡೆಗೆ ಅಲ್ಲಿ ಗಾಳಿ ಸಿಗುವುದಿಲ್ಲ. ಅದರ ಪಟ್ಟಿ ಈಗಿರುವುದಕ್ಕಿಂತ ಉದ್ದ ಇರಬೇಕು. ಅದನ್ನು ಅಲ್ಲಿಯವರೇ ಹೊಲಿದುಕೊಡಲಿ. ಬಾಗಿಲು ಬಿಟ್ಟಾಗ ತಕ್ಷಣ ರೆಕ್ಕೆ ಬಿಚ್ಚಬೇಡಿ, ವಿಮಾನದ ಬಾಲ ದಾಟಿಹೋಗಲಿ. ತೆರೆಯುವಾಗ ಎರಡೂ ರೆಕ್ಕೆ ಒಟ್ಟಿಗೆ ಮುಚ್ಚಿ. ಒಂದು ಮೊದಲು, ಒಂದು ಆಮೇಲೆ ಆದರೆ ತಿರುಗಿಬಿಡುತ್ತೀರಿ. ಮೊದಲ ಸಲ ಐದೂವರೆ ಸಾವಿರ ಅಡಿಯಲ್ಲೇ ತೆರೆದುಬಿಡಿ. ಹೆದರಿದ ಅಂತ ನಕ್ಕರೆ ನಗಲಿ.

ಎರಡನೆಯ ಪ್ಯಾರಾಚೂಟಾದ ರಿಸರ್ವನ್ನು ತಾನೇ ತೆರೆಯುವ ಆ ಸಣ್ಣ ಯಂತ್ರವನ್ನು ನೆಚ್ಚಬೇಡಿ. ಜೋರಾಗಿ ಬೀಳುತ್ತಿದ್ದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ವಿಂಗ್‌ಸೂಟಿನಲ್ಲಿ ಮನುಷ್ಯ ನಿಧಾನವಾಗಿ ಇಳಿಯುತ್ತಾನೆ. ನೆಲ ಹತ್ತಿರ ಬಂದರೂ ಎಲ್ಲ ಸರಿಯಾಗಿದೆ ಎಂದುಕೊಂಡು ಅದು ಸುಮ್ಮನಿರಬಹುದಂತೆ. ಅದನ್ನು ಓದಿದಾಗ ಕೈಪಿಡಿ ಮುಚ್ಚಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

ಇನ್ನೊಂದು ಮಾತು, ಇದು ಯಾವ ಪುಸ್ತಕದಲ್ಲೂ ಇಲ್ಲ. ಹಳೆಯ ಸೂಟ್ ಎಂದು ಬಾಲರಾಜ್ ಹೇಳಿದ. ಮರಳುಗಾಡಿನ ಬಿಸಿಲು ನೈಲಾನ್ ದಾರವನ್ನು ತಿಂದುಹಾಕುತ್ತದೆ. ಜಿಪ್ಪಿನ ಎರಡು ತುದಿಯ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಎತ್ತಿ ನೋಡಿ. ದಾರ ಪುಡಿಪುಡಿಯಾಗಿ ಬಂದರೆ ಆ ಸೂಟ್ ಯಾರೂ ತೊಡಬಾರದು.

ಇಷ್ಟು ಸೂಟಿನ ವಿಷಯ.

ನನ್ನ ದಿನಚರಿ ಹೇಳುವಷ್ಟೇನೂ ಇಲ್ಲ. ಹೆಬ್ಬಾಳದ ಕಡೆ ಗಾಜಿನ ಕಟ್ಟಡ ಒರೆಸುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಹೊಲಿಯುತ್ತೇನೆ. ಪ್ರತಿಯೊಂದನ್ನೂ ಕಿಟಕಿಯ ಸರಳಿಗೆ ಸಿಕ್ಕಿಸಿ, ನಾನೇ ತೊಟ್ಟು, ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಿ ಆಮೇಲೆ ಕಳಿಸುತ್ತೇನೆ. ಕೆಳಗಿನ ಮನೆಯ ಓನರ್ ನರಸಿಂಹಯ್ಯನವರು ಒಂದು ದಿನ ಬಾಡಿಗೆ ಕೇಳಲು ಬಂದವರು ಅದನ್ನು ನೋಡಿ ಗಾಬರಿಯಾಗಿ “ಏನ್ರಮ್ಮಾ ಇದು!” ಅಂದರು. ಹೊಲಿಗೆ ನೋಡ್ತಿದ್ದೀನಿ ಅಂದೆ. ಈ ಹಾಲನ್ನು ಯಾರೋ ಯೋಗ ಕ್ಲಾಸಿಗೆ ಕೇಳುತ್ತಿದ್ದಾರೆ, ಒಬ್ಬರಿಗೆ ಇಷ್ಟು ಜಾಗ ಯಾಕೆ ಅಂತ ಕೇಳಿದರು. ನಾನು ಹಾಲ್ ಬಿಟ್ಟುಕೊಡಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತೇನೆ. ದಿನಾ ಸಿಗುವ ನಾಲ್ಕು ಹೆಂಗಸರು ‘ಊಟ ಆಯ್ತಾ’ ಅಂತಾರೆ, ‘ಆಯ್ತು’ ಅಂತೀನಿ. ಎಷ್ಟೋ ದಿನ ಬಾಯಿಬಿಟ್ಟು ಆಡಿದ ಮಾತು ಅದೊಂದೇ.

ಈಗ ಆವತ್ತಿನ ವಿಷಯ.

ಹದಿನಾಲ್ಕರ ಡಿಸೆಂಬರ್, ಕೋಲಾರದ ಆಚೆಯ ಕ್ಯಾಂಪ್. ಬೆಳಿಗ್ಗೆ ಇಡ್ಲಿ ತಿನ್ನುವಾಗ ಪುಣೆಯಿಂದ ಬಂದವರಿಗೆ ನೀವು ನನ್ನನ್ನು ಪರಿಚಯ ಮಾಡಿಕೊಟ್ಟಿರಿ. “ಇವರು ನಮ್ಮ ಟೈಲರ್ ಮೇಡಂ” ಅಂದಿರಿ. ತಮಾಷೆಗೆ ಅಂದಿರಿ, ಎಲ್ಲರೂ ನಕ್ಕರು, ನಾನೂ ನಕ್ಕೆ. ಯಶವಂತಪುರದ ಟಾರ್ಪಾಲ್ ಅಂಗಡಿಯಲ್ಲಿ ಪ್ಯಾರಾಚೂಟ್ ಕಟ್ಟಿಕೊಳ್ಳುವ ಹರಿದ ಹಾರ್ನೆಸ್ ಹಿಡಿದು ಬಂದು, ಇದನ್ನು ಯಾರು ಹೊಲಿದರೂ ನಿಲ್ಲುತ್ತಿಲ್ಲ ಎಂದು ನನ್ನ ಮೆಷಿನ್ನಿನ ಮುಂದೆ ನಿಂತವರು ನೀವು. ಮದುವೆಯಾದ ಮೇಲೆ ಈ ಹಾಲಿನಲ್ಲಿ ಮಂಡಿಯೂರಿ ಪ್ಯಾರಾಚೂಟಿನ ಒಂದೊಂದು ಮಡಿಕೆಯನ್ನೂ ಕಲಿಸಿ ಪ್ಯಾಕರ್ ಮಾಡಿದವರು ನೀವು. ನನ್ನ ಹೆಂಡತಿ ಅನ್ನಲಿಲ್ಲ, ನಮ್ಮ ಪ್ಯಾಕರ್ ಅಂತಲೂ ಅನ್ನಲಿಲ್ಲ. ಅಷ್ಟು ಸಣ್ಣ ಮಾತು ಮನಸ್ಸಿನಲ್ಲಿ ಮುರಿದ ಸೂಜಿಯಂತೆ ಉಳಿದುಕೊಂಡಿತು.

ಆಮೇಲೆ ಪುಣೆಯ ಪ್ಯಾಕರ್ ಒಬ್ಬ ಹೆಂಗಸರ ಕೈ ನಿಧಾನ ಅಂದ. ಅವನಿಗಿಂತ ಬೇಗ ಮಡಿಸುತ್ತೇನೆ ಎಂದು ನಾನು ಪಂದ್ಯ ಕಟ್ಟಿದೆ. ನೀವು ಆಗ ರನ್‌ವೇಯ ಆ ತುದಿಯಲ್ಲಿ ಗಾಳಿ ನೋಡುತ್ತಿದ್ದಿರಿ, ಇದು ನಿಮಗೆ ಗೊತ್ತಿಲ್ಲ. ನಿಮ್ಮ ಹತ್ತಿರ ಕಲಿಯುತ್ತಿದ್ದ ಹುಡುಗ ಅಜ್ಜು ಓಡಿಬಂದು “ಅಕ್ಕಾ, ನನ್ದು ನೀವೇ ಮಾಡಿ” ಅಂತ ಅವನ ಚೀಲ ನನ್ನ ಮುಂದಿಟ್ಟ. ಹನ್ನೊಂದನೇ ಜಂಪ್ ಅವನದು. ಏಳು ನಿಮಿಷದಲ್ಲಿ ಮುಗಿಸಿದೆ. ಸುತ್ತಲೂ ಚಪ್ಪಾಳೆ ಹೊಡೆದರು. ಮಡಿಸಿದವರು ಯಾರೆಂದು ತೋರಿಸುವ ಕಾರ್ಡಿನ ಮೇಲೆ ಸಹಿ ಹಾಕುವುದನ್ನೂ ಮರೆತೆ. ಅದು ನಿಮ್ಮ ಪ್ಯಾಕ್ ಎಂದು ಆಮೇಲೆ ನೀವು ಹೇಳಲು ಸಾಧ್ಯವಾದದ್ದು ಅದರಿಂದಲೇ.

ಇಲ್ಲಿಯವರೆಗೆ ನೀವು ಊಹಿಸಿರಬಹುದು. ಮುಂದಿನದನ್ನು ಊಹಿಸಿರಲಾರಿರಿ.

ವಿಮಾನ ಇನ್ನೂ ನೆಲದ ಮೇಲಿತ್ತು, ರನ್‌ವೇಯ ಕೊನೆಗೆ ಉರುಳಿಕೊಂಡು ಹೋಗುತ್ತಿತ್ತು. ನಾನು ಚಾಪೆಯ ಮೇಲೆ ಕೂತು ಬೆರಳು ಚಟಕಿಸುತ್ತಿದ್ದೆ. ಆಗ ಎಡಗೈ ಹೆಬ್ಬೆರಳಿಗೆ ಏನೋ ಅನ್ನಿಸಿತು. ಬಲಗಡೆಯ ಬ್ರೇಕಿನ ಹಿಡಿಕೆ ಕುಣಿಕೆಯೊಳಗೆ ಹೋದ ಬಿಗಿ ಕೈಗೆ ನೆನಪಿತ್ತು. ಎಡಗಡೆಯದು ನೆನಪಿರಲಿಲ್ಲ. ಸಿಕ್ಕಿಸಿದೆನೋ? ಸಿಕ್ಕಿಸಿರಬೇಕು. ವಾಕಿಟಾಕಿ ನನ್ನ ಮಂಡಿಯ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ‘ನಿಲ್ಲಿಸಿ’ ಅಂದಿದ್ದರೆ ನಿಲ್ಲುತ್ತಿತ್ತು. ನಿಂತರೆ ಅಜ್ಜು ಇಳಿದು ಬರುತ್ತಾನೆ, ಚೀಲ ಬಿಚ್ಚಬೇಕು, ಪುಣೆಯವನು ನೋಡುತ್ತಾನೆ, ನೀವು ನೋಡುತ್ತೀರಿ. ಟೈಲರ್ ಮೇಡಂ.

ನಾನು ವಾಕಿಟಾಕಿ ಎತ್ತಲಿಲ್ಲ.

ವಿಮಾನ ಮೇಲಕ್ಕೇರಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೂ ನನ್ನ ಕೈಯಲ್ಲೇ ಇತ್ತು. ಬಾಯಿ ಬಿಡಲಿಲ್ಲ. ಆಮೇಲಿನದನ್ನು ನೀವೂ ಕಂಡಿದ್ದೀರಿ. ಪ್ಯಾರಾಚೂಟ್ ತೆರೆದುಕೊಂಡ ಕೂಡಲೇ ಒಂದೇ ಕಡೆಗೆ ಗಿರಗಿರ ಸುತ್ತತೊಡಗಿತು. ಅವನು ಬಿಡಿಸಲು ಒದ್ದಾಡಿ ಕಳೆದುಕೊಂಡ ಸಮಯ, ತೀರ ಕೆಳಗೆ ಬಂದ ಮೇಲೆ ಕಳಚಿಕೊಂಡದ್ದು, ರಿಸರ್ವ್ ಅರ್ಧ ಅರಳುವಷ್ಟರಲ್ಲಿ ಹುರುಳಿ ಹೊಲ. ಮೊದಲು ಓಡಿದ್ದು ನೀವು. ನಾನು ಚಾಪೆಯ ಮೇಲೇ ಇದ್ದೆ.

ಆದ್ದರಿಂದ ಇದನ್ನು ಸರಿಯಾಗಿ ಓದಿ. ವಿಮಾನ ಹತ್ತುವ ಮುಂಚೆ ನೀವು ಹತ್ತು ಸಲ ನೋಡಿದ್ದರೂ ಅದು ಸಿಗುತ್ತಿರಲಿಲ್ಲ. ಪಿನ್, ಪಟ್ಟಿ, ತೆರೆಯುವ ಹಿಡಿಕೆ, ಇವೇ ಹೊರಗೆ ಕಾಣುವುದು. ಬ್ರೇಕ್ ಒಳಗೆ ಮಡಚಿಹೋಗಿರುತ್ತದೆ. ಇದನ್ನು ನನಗೆ ಕಲಿಸಿದವರೇ ನೀವು. ನಿಮಗೇ ಮರೆತುಹೋಗಿದೆ ಅಂದರೆ ಎಷ್ಟು ಸಲ ನಿಮ್ಮನ್ನು ನೀವು ಬೈದುಕೊಂಡಿರಬೇಕು!

ವಿಚಾರಣೆಯ ದಿನ ಮೇಜಿನ ಆಚೆ ಐದು ಜನ ಕೂತಿದ್ದರು. ಪುಣೆಯವರನ್ನು ಯಾರೂ ಕರೆಸಿರಲಿಲ್ಲ. ಯಾರ ಪ್ಯಾಕ್ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ನೀವು “ನನ್ದೇ ಸಾರ್” ಅಂದಿರಿ. ಕೈತಪ್ಪಿನಿಂದ ಆದದ್ದಕ್ಕೆ ಹೆಂಡತಿಯ ಬಾಳು ಹಾಳಾಗಬಾರದು ಎಂದು ನಿಮ್ಮ ಲೆಕ್ಕ. ಕೈತಪ್ಪು ಎಂದು ನೀವು ತಿಳಿದಿರಿ. ಲೈಸೆನ್ಸ್ ಹೋಯಿತು, ಹೆಸರು ಹೋಯಿತು. ಕಾರಿನಲ್ಲಿ ನಾನು ಸುಮ್ಮನೆ ಕೂತಿದ್ದನ್ನು ನೋಡಿ ಶಾಕ್ ಆಗಿದೆ ಅಂದುಕೊಂಡು ದೇವನಹಳ್ಳಿಯಲ್ಲಿ ನಿಲ್ಲಿಸಿ ಎಳನೀರು ಕೊಡಿಸಿದಿರಿ.

ಆಮೇಲಿನ ಒಂದೂವರೆ ವರ್ಷ ನೀವು ನನ್ನ ಹತ್ತಿರ ಎಷ್ಟು ಮೆತ್ತಗೆ ನಡೆದುಕೊಂಡಿರಿ! ಒಂದು ದಿನವೂ ಆ ಮಾತೆತ್ತಲಿಲ್ಲ. ನೀವು ಮೆತ್ತಗಾದಷ್ಟೂ ನಾನು ಬಿರುಸಾದೆ. ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ತಟ್ಟೆ ಎಸೆದೆ. ಕೊನೆಯ ದಿನ “ನಿಮ್ಮ ಉಪಕಾರ ನನಗೆ ಬೇಕಾಗಿಲ್ಲ, ಹೋಗಿ” ಅಂದೆ. ನೀವು ಹೋದಿರಿ. ಉಪಕಾರ ಬೇಡ ಅಂದಿದ್ದು ಸೊಕ್ಕಿನಿಂದಲ್ಲ. ನೀವು ಕಾಪಾಡಿದ್ದು ಯಾರನ್ನು ಎಂದು ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಷ್ಟೇ.

ಬಾಲರಾಜ್ ಬಂದುಹೋದ ಮೇಲಿನ ಭಾನುವಾರ ಗಂಗಾನಗರಕ್ಕೆ, ಅಜ್ಜು ಮನೆಗೆ ಹೋದೆ. ಮೂರು ವರ್ಷದಲ್ಲಿ ಮೊದಲ ಸಲ. ಬೈಕ್ ಮೆಕ್ಯಾನಿಕ್ ಆಗಿದ್ದವನು ಈಗ ಕಿಟಕಿಯ ಪಕ್ಕ ಕೂತು ಮೊಬೈಲ್ ರಿಪೇರಿ ಮಾಡುತ್ತಾನೆ. ಕೋಲು ಗೋಡೆಗೆ ಒರಗಿತ್ತು. ತಾಯಿ ಜೈಬುನ್ನೀಸಾ ನನ್ನ ಕೈ ಹಿಡಿದು ಒಳಗೆ ಕರೆದರು. “ಬನ್ನಿ ಬೇಟಾ, ನಮ್ ಬಚ್ಚಾ ಉಳ್ಕೊಂಡ, ಅಷ್ಟು ಸಾಕು ನಮ್ಗೆ” ಅಂತ ಟೀ ತಂದುಕೊಟ್ಟರು.

ಆ ತಾಯಿಗೆ ಅರ್ಥವಾಗಬೇಕಲ್ಲ ಎಂದು ಮೊದಲಿನಿಂದ ಹೇಳಿದೆ. ಎರಡು ಕೈಗೆ ಎರಡು ಬ್ರೇಕ್ ಇರುತ್ತದೆ, ಎರಡನ್ನೂ ಅರ್ಧ ಎಳೆದು ಸಿಕ್ಕಿಸಿಡಬೇಕು, ಒಂದು ಬಿಟ್ಟುಹೋದರೆ ತೆರೆದಾಗ ಒಂದೇ ಕಡೆ ಸುತ್ತುತ್ತದೆ, ಬಿಟ್ಟವಳು ನಾನು, ಶಿವರಾಮ್ ಅಲ್ಲ. ಅಜ್ಜು “ಗೊತ್ತು ಅಕ್ಕಾ, ನಾನೇ ಅಲ್ವಾ ಚೀಲ ಕೊಟ್ಟಿದ್ದು. ಸಾರ್ ಹೇಳ್ಬೇಡ ಅಂದ್ರು, ಹೇಳ್ಲಿಲ್ಲ. ಯಾರ್ಗಾದ್ರೂ ಆಗುತ್ತೆ” ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ವಾಕಿಟಾಕಿಯ ವಿಷಯ ಹೇಳಿದೆ.

ಅವನ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಆ ಕೂಗು ದೂರವಾದ ಮೇಲೆ ಅಜ್ಜು ಮಾತಾಡಿದ.

“ಒಂದ್ ಮಾತು ಅಕ್ಕಾ. ಒಂದೇ ಒಂದ್ ಮಾತು ಹೇಳಿದ್ರೆ ನಾನ್ ಇಳೀತಿದ್ದೆ.”

ಹೌದಪ್ಪಾ ಅಂದೆ. ಜೈಬುನ್ನೀಸಾ ಎದ್ದು ಬಂದು, ನಾನು ಇನ್ನೂ ಅರ್ಧವೇ ಕುಡಿದಿದ್ದ ಟೀ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

“ಸಾರ್‌ಗೆ ಇದು ಗೊತ್ತಾ?” ಎಂದು ಕೇಳಿದ. ಇಲ್ಲ ಅಂದೆ. “ಆಸ್ಪತ್ರೇಲಿ ನನ್ ಕಾಲ್ ಹಿಡ್ಕೊಂಡ್ರು ಅವ್ರು. ಈಗ್ಲೂ ಈದ್‌ಗೆ ಫೋನ್ ಮಾಡ್ತಾರೆ, ಮಾತಾಡ್ತಾ ಮಾತಾಡ್ತಾ ಅತ್ಬಿಡ್ತಾರೆ. ಅವ್ರಿಗ್ ಹೇಳಿ. ನಂಗಿಂತ ಮುಂಚೆ ಅವ್ರಿಗ್ ಹೇಳ್ಬೇಕಿತ್ತು ನೀವು.”

ನೀವು ಅವನಿಗೆ ಫೋನ್ ಮಾಡುವುದು ನನಗೆ ಗೊತ್ತಿರಲಿಲ್ಲ.

ಅವನು ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಗೇಟಿನ ಹತ್ತಿರ ಬಂದಾಗ ಹಿಂದೆ ಕೋಲಿನ ಸದ್ದು ಕೇಳಿಸಿತು. ಎರಡು ಮೆಟ್ಟಿಲು ಇಳಿಯಲು ಅವನಿಗೆ ಎಷ್ಟು ಹೊತ್ತು ಬೇಕು ಎಂದು ಆವತ್ತು ಕಂಡೆ. “ಬರ್ದು ಕೊಡ್ತೀರಾದ್ರೆ ನಾನೂ ಸೈನ್ ಹಾಕ್ತೀನಿ” ಅಂದ. ನನ್ನ ಮುಖ ನೋಡಲಿಲ್ಲ.

ಬರೆದುಕೊಟ್ಟೆ. ಪಂದ್ಯ, ಏಳು ನಿಮಿಷ, ವಾಕಿಟಾಕಿ, ಏನೂ ಬಿಟ್ಟಿಲ್ಲ. ಕೆಳಗೆ ನನ್ನ ಸಹಿ, ಸಾಕ್ಷಿಯಾಗಿ ಅವನ ಸಹಿ. ಮೊನ್ನೆ ಶುಕ್ರವಾರ ಯಲಹಂಕದ ಪೋಸ್ಟಾಫೀಸಿನಿಂದ ಕ್ಲಬ್ಬಿನ ಸಮಿತಿಗೆ ರಿಜಿಸ್ಟರ್ ಮಾಡಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮ ಲೈಸೆನ್ಸ್ ವಾಪಸ್ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಿದಿರಿ ಎಂದು ನಿಮಗೂ ಪ್ರಶ್ನೆ ಬರಬಹುದು. ಕೇಳದೆ ಕಳಿಸಿದೆ. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ.

ಹಾರಬೇಡಿ ಎಂದು ಹೇಳಲು ಈ ಪತ್ರ ಬರೆದಿಲ್ಲ. ಹಾರುವುದು ಬಿಟ್ಟರೆ ನೀವು ನೀವಾಗಿರುವುದಿಲ್ಲ ಎಂದು ಒಂದೂವರೆ ವರ್ಷ ಈ ಮನೆಯಲ್ಲೇ ನೋಡಿದ್ದೇನೆ. ಆದರೆ ಇಪ್ಪತ್ತಮೂರಕ್ಕೇ ಆಗಬೇಕೆಂದು ಯಾರ ಆಣೆಯೂ ಇಲ್ಲ. ಕಲಿತು ಹಾರಿ. ಯಾವ ತಪ್ಪನ್ನೂ ಮಾಡದವನು ಹೇಗೆ ಹಾರುತ್ತಾನೋ ಹಾಗೆ ಹಾರಿ. ಕೆಳಗೆ ಇಳಿಯಬೇಕು ಅನ್ನುವ ಆಸೆ ಇಟ್ಟುಕೊಂಡು ಹಾರಿ.

ಬಾಲರಾಜ್‌ಗೆ ಹೇಳಿದ್ದೇನೆ, ನೀವು ಬೈದರೂ ನಿಮ್ಮ ತೊಡೆಯ ಪಟ್ಟಿ ಅವನು ನೋಡಿಯೇ ನೋಡುತ್ತಾನೆ. ಬಿಟ್ಟುಕೊಡಿ.

ಹೊರಗೆ ಬಿಸಿಲು ಇಳಿಯುತ್ತಿದೆ. ಹತ್ತು ಬೆಲ್ಟಿನ ಹೊಲಿಗೆ ಬಾಕಿ ಇದೆ.

ವನಿತಾ

ತಾ.ಕ.: ನಿಮ್ಮ ವಕೀಲರು ಕಳಿಸಿದ ಡೈವೋರ್ಸ್ ಕಾಗದ ಜನವರಿಯಲ್ಲೇ ತಲುಪಿತು. ಒಪ್ಪಿಗೆಯಿಂದ ಬೇರೆಯಾಗುತ್ತಿದ್ದೇವೆ ಎಂದು ಬರೆದು, ಕೆಳಗೆ ನಿಮ್ಮ ಸಹಿ ಇದೆ. ನಾನು ಇನ್ನೂ ಹಾಕಿಲ್ಲ. ನಿಮ್ಮ ಹೆಂಡತಿ ಯಾರು ಎಂದು ಸರಿಯಾಗಿ ತಿಳಿಯದೆ ನೀವು ಹಾಕಿದ ಸಹಿ ಅದು. ಈಗ ತಿಳಿಯಿತು. ಈಗಲೂ ಬೇಕು ಅನ್ನಿಸಿದರೆ ವಕೀಲರ ಕೈಯಲ್ಲಿ ಹೇಳಿಸಬೇಡಿ, ಎರಡು ಸಾಲು ನೀವೇ ಬರೆಯಿರಿ. ಅವತ್ತೇ ಸಹಿ ಹಾಕಿ ಕಳಿಸುತ್ತೇನೆ. ಬೇಡ ಅನ್ನಿಸಿದರೂ ಬರೆಯಿರಿ.